ಉತ್ತರಾಯಣದ ದಾರ

ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ಅಕ್ಕ ಗಾಜಿನ ಲೋಟವನ್ನು ಅಡುಗೆಕಟ್ಟೆಯ ಮೇಲಿಟ್ಟು, ನಾಲಿಗೆಯನ್ನು ಮೇಲಂಗುಳಕ್ಕೆ ಒತ್ತಿ ನೋಡಿಕೊಂಡರು. ಅವರ ಬೆನ್ನ ಹಿಂದೆ ಗೋಡೆಯ ಗಡಿಯಾರವಿತ್ತು, ಹಾಗಾಗಿ ಆ ಸಮಯ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ.

"ಈ ಸಲ ಕಹಿಯ ಜೊತೆ ಉರಿ ಉಂಟಲ್ಲ ಮಾರಾಯ್ತಿ" ಅಂದರು.

ನನ್ನ ಕೈಯಲ್ಲೂ ಒಂದು ಲೋಟವಿತ್ತು. ಅದರಿಂದ ಒಂದು ಗುಟುಕು ಹೊಟ್ಟೆಗೆ ಹೋಗಿತ್ತು, ಇನ್ನೊಂದು ಬಾಯಲ್ಲಿತ್ತು. ನುಂಗಲೋ ಉಗಿಯಲೋ ಎಂದು ನೋಡುತ್ತಿದ್ದೆ. ಅವರು ಹಾಗೆ ಅಂದಮೇಲೆ ಸಿಂಕಿಗೆ ಉಗಿದೆ. "ಛೀ, ಮದ್ದನ್ನು ಉಗೀತಾರಾ" ಎಂದು ಬೈದರು. ಬೈದದ್ದು ಮುಗಿಯುವ ಮೊದಲೇ ಅವರು ಸಿಂಕಿನ ಕಡೆಗೆ ಬಾಗಿದರು.

ನಾನು ತುಮಕೂರಿನ ಕಡೆಯವಳು. ವಡೋದರಕ್ಕೆ ಬಂದದ್ದು ಕೆಲಸಕ್ಕೆ. ಅಲ್ಕಾಪುರಿಯ ಹಿಂದಿನ ಒಂದು ಸೊಸೈಟಿಯಲ್ಲಿ ಬಾಡಿಗೆ ಮನೆ ಹುಡುಕಿಕೊಟ್ಟದ್ದು ಈ ಅಕ್ಕ. ಉಡುಪಿಯ ಹತ್ತಿರದ ಊರಿನವರು. ಅವರ ಗಂಡನದು ಸ್ಟೇಷನ್ನಿನ ಹತ್ತಿರ ದೋಸೆ ಹೋಟೆಲು. ಅಲ್ಲಿ ಕಾಫಿ ಕುಡಿಯುತ್ತ ಅಮ್ಮನೊಡನೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಗಲ್ಲಾದ ಹಿಂದಿನಿಂದ ಒಂದು ಧ್ವನಿ, "ಅಮ್ಮನಿಗೆ ಹೇಳು, ಇಲ್ಲಿ ಒಬ್ಬರು ಅಕ್ಕ ಇದ್ದಾರೆ ಅಂತ" ಎಂದಿತು. ಅವತ್ತಿನಿಂದ ಅಕ್ಕ. ಹೆಸರು ಹಿಡಿದು ಕರೆದದ್ದೇ ಇಲ್ಲ, ಇಲ್ಲಿ ಬರೆಯುವುದೂ ಇಲ್ಲ. ನಾನು ಎರಡನೇ ಮಹಡಿ, ಅವರು ನನ್ನ ಎದುರು ಬಾಗಿಲು.

ಹೋಟೆಲಿನ ಗೋಡೆಯ ದೇವರಿಗೆ ದಿನಾ ಮಾಲೆ ಹಾಕುವುದು ಗಂಡನ ಕೆಲಸ. ಅಕ್ಕ ಅತ್ತ ಕೈ ಮುಗಿದು ದಾಟಿಹೋಗುತ್ತಿದ್ದರು, ದೂರದ ಸಂಬಂಧಿಕರಿಗೆ ಮಾಡುವ ಹಾಗೆ. ಅವರ ನಿಜವಾದ ಮಾತುಕತೆ ತಿಂಗಳುಗಳ ಜೊತೆ. "ಒಂದೊಂದು ತಿಂಗಳಿಗೆ ಒಂದೊಂದು ಮುಖ ಉಂಟು. ಮುಖ ನೋಡಿ ಮಾತಾಡಬೇಕು" ಅನ್ನುತ್ತಿದ್ದರು. ಬೇಸಿಗೆಯ ಮೊದಲ ಬಿಸಿಗಾಳಿಗೆ ಬಾಲ್ಕನಿಯ ಬಾಗಿಲು ತೆರೆದು "ಬಾ, ಬಂದು ಹೋಗು, ಕೂತುಕೊಳ್ಳಬೇಡ" ಎನ್ನುವರು. ಮಳೆಯ ಮೊದಲ ದಿನ ಒಂದು ಬಟ್ಟಲು ಅಂಗಳದಲ್ಲಿಟ್ಟು, ಅದರಲ್ಲಿ ಬಿದ್ದ ನೀರನ್ನು ಕಣ್ಣಿಗೆ ಒತ್ತಿಕೊಳ್ಳುವರು. ಅಕ್ಟೋಬರಿನಲ್ಲಿ ನಮ್ಮ ರಸ್ತೆಯ ಸಪ್ತಪರ್ಣಿ ಮರಗಳೆಲ್ಲ ಒಟ್ಟಿಗೆ ಹೂಬಿಟ್ಟು, ಆ ಗಾಢ ವಾಸನೆಗೆ ಇಡೀ ಸೊಸೈಟಿ ತಲೆನೋವು ಎನ್ನುವಾಗ ಅಕ್ಕ ಒಬ್ಬರೇ ಖುಷಿಯಲ್ಲಿ ಮೂಗರಳಿಸುತ್ತಿದ್ದರು. ಅವರ ಊರಿನ ಕಡೆ ಅದಕ್ಕೆ ಹಾಲೆಮರ ಎನ್ನುತ್ತಾರೆ. "ವರ್ಷಕ್ಕೊಂದು ಸಲ ಅದೂ ಸೆಂಟು ಹಾಕಿಕೊಳ್ಳಲಿ ಬಿಡಿ" ಎಂದು ಸೆಕ್ರೆಟರಿ ಕಾಕಾನಿಗೆ ಹೇಳಿದ್ದರು.

ಫೆಬ್ರವರಿಯಲ್ಲಿ ಕೆಡ್ಡಸ. ಭೂಮಿ ಮುಟ್ಟಾಗುವ ಮೂರು ದಿನ. ಆಗ ಮಣ್ಣನ್ನು ಅಗೆಯಬಾರದು, ಹಸಿರನ್ನು ಚಿವುಟಬಾರದು. ನಾನು ಬಂದ ಮೊದಲ ವರ್ಷ ಸರಿಯಾಗಿ ಅದೇ ದಿನ ಚರಂಡಿ ಪೈಪಿಗೆಂದು ನಮ್ಮ ಗೇಟಿನ ಮುಂದೆ ಜೆಸಿಬಿ ಬಂತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದುಹೋದರು. ನಾನು ಮೇಲಿನಿಂದ ನೋಡುತ್ತಿದ್ದೆ.

"ಭೈಯಾ, ತೀನ್ ದಿನ್ ಬಾದ್ ಖೋದೋ. ಅಬೀ ಉಸ್ಕಾ ತಬಿಯತ್ ಠೀಕ್ ನಹೀ."

"ಕಿಸ್ಕಾ, ಮಾಸಿ?"

"ಜಮೀನ್ ಕಾ!"

ನೆಲಕ್ಕೆ ಮೈ ಸರಿಯಿಲ್ಲ, ಮೂರು ದಿನ ಬಿಟ್ಟು ಅಗೆ ಎಂದರೆ ಡ್ರೈವರ್ ನಕ್ಕ, ಗುತ್ತಿಗೆದಾರನನ್ನು ಕೇಳಿ ಎಂದ. ಅಕ್ಕ ಅವನಿಗೆ ಹೋಟೆಲಿನಿಂದ ಮಸಾಲೆದೋಸೆ ತರಿಸಿಕೊಟ್ಟರು. ಅವನು ದೋಸೆ ತಿಂದ, ಬಾಯಿ ಒರೆಸಿಕೊಂಡ, ಅಗೆದ. ಅಕ್ಕ ಮೂರು ದಿನ ಆ ಕಡೆಯ ಕಿಟಕಿ ಮುಚ್ಚಿಕೊಂಡು ಕೂತರು. ನಾಲ್ಕನೆಯ ದಿನ ಪಾರ್ಕಿಂಗ್ ಮೂಲೆಯಲ್ಲಿ ಉಳಿದಿದ್ದ ಒಂದಿಷ್ಟು ಮಣ್ಣಿಗೆ ಎಣ್ಣೆ, ಸೀಗೆಪುಡಿ, ಅರಿಶಿನ, ಕುಂಕುಮ ಎರೆದು ಮೀಯಿಸಿದರು. "ನಮಗೆ ರಜೆ ಬೇಕು. ಅವಳಿಗೆ ಒಂದು ರಜೆ ಬೇಡವಾ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು, ನಾನೇ ಜೆಸಿಬಿ ಓಡಿಸಿದವಳ ಹಾಗೆ.

ಉತ್ತರಾಯಣದ, ಅಂದರೆ ನಮ್ಮ ಸಂಕ್ರಾಂತಿಯ, ಮಾರನೆಯ ದಿನಕ್ಕೆ ಇಲ್ಲಿ ವಾಸಿ ಉತ್ತರಾಯಣ ಎಂದು ಹೆಸರು. ಗುಜರಾತಿಯಲ್ಲಿ ವಾಸಿ ಎಂದರೆ ಹಳಸಿದ್ದು, ನಿನ್ನೆಯದು. ಅಕ್ಕನಿಗೆ ಈ ಪದ ಬಲು ಇಷ್ಟ. "ಇವರಿಗೆ ಹಳಸಿದ್ದು, ನಮಗೆ ಗುಣ ಆದದ್ದು. ನೋಡು, ಒಂದೇ ಮಾತು!" ಎಂದು ಪ್ರತಿ ವರ್ಷ ಹೊಸದಾಗಿ ನಗುತ್ತಿದ್ದರು. ಆ ದಿನ ಜನ ಇನ್ನೂ ತಾರಸಿಯ ಮೇಲೆ ಗಾಳಿಪಟ ಹಾರಿಸುತ್ತಿರುವಾಗಲೇ ಅಕ್ಕ ಒಂದು ಉದ್ದನೆಯ ಬಿದಿರುಕೋಲು ಹಿಡಿದು ಕಾಂಪೌಂಡಿನ ಮರಗಳ ಸುತ್ತ ತಿರುಗುವರು. ಕೊಂಬೆಗಳಿಗೆ, ಕಾಂಡಗಳಿಗೆ ಸುತ್ತಿಕೊಂಡ ಗಾಳಿಪಟದ ದಾರವನ್ನೆಲ್ಲ ಬಿಡಿಸಿ ಉಂಡೆ ಮಾಡುವರು. ಹಕ್ಕಿಗಳ ರೆಕ್ಕೆ ಸಿಕ್ಕಿಕೊಳ್ಳುತ್ತದೆ ಎನ್ನುವುದು ಒಂದು ಕಾರಣ. "ಮರಕ್ಕೆ ಕಟ್ಟು ಹಾಕಿ ಬಿಟ್ಟುಹೋಗಬಾರದು" ಎನ್ನುವುದು ಇನ್ನೊಂದು.

ಆ ಲೋಟದ ಬೆಳಗು ಬಂದ ವರ್ಷ ಉತ್ತರಾಯಣಕ್ಕೆ ಅವರು ಇಲ್ಲಿರಲಿಲ್ಲ. ಸೂರತ್ತಿನ ಅಡಾಜಣ್‌ನಲ್ಲಿ ಗಂಡ ಎರಡನೇ ಹೋಟೆಲು ತೆರೆಯುತ್ತಿದ್ದರು, ಅದರ ಪೂಜೆಗೆ ಹೋಗಿದ್ದರು. ಮರಗಳ ದಾರ ಹಾಗೇ ಉಳಿಯಿತು. ಬಿಡಿಸಬೇಕೆಂದು ನನಗೆ ಹೊಳೆಯಲಿಲ್ಲ. ಯಾರಿಗೂ ಹೊಳೆಯಲಿಲ್ಲ. ಬೇಸಿಗೆಯಲ್ಲಿ ಅದರ ಬಣ್ಣ ಹೋಯಿತು. ಮಳೆ ಬಂದಾಗ ಅದು ನೆನೆದು ಮೆತ್ತಗಾಯಿತು.

ಮತ್ತೆ ಆ ಬೆಳಗಿಗೆ ಬರುತ್ತೇನೆ. ಬರದಿರಲು ಆಗುವುದೂ ಇಲ್ಲ.

ಆಟಿ ಎಂದರೆ ಅವರ ಊರಿನ ಲೆಕ್ಕದಲ್ಲಿ ಮಳೆ ಹೊಯ್ಯುವ ತಿಂಗಳು. ಆಟಿಯ ಅಮಾವಾಸ್ಯೆಯ ದಿನ ಹಾಲೆಮರ ತನ್ನಲ್ಲಿರುವ ಮದ್ದನ್ನೆಲ್ಲ ತೊಗಟೆಗೆ ಇಳಿಸುತ್ತದೆ ಎಂದು ನಂಬಿಕೆ. ಬೆಳಕು ಹರಿಯುವ ಮೊದಲು ಹೋಗಿ, ಲೋಹ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಅದರ ಕಷಾಯ ಕುಡಿದು, ಕಹಿ ಇಳಿಸಲು ಮೆಂತೆ ಗಂಜಿ ಉಣ್ಣಬೇಕು. ಹಿಂದಿನ ಸಂಜೆಯೇ ಮರದ ಹತ್ತಿರ ಹೋಗಿ, ನಾಳೆ ಬರುತ್ತೇನೆ ಎಂದು ಹೇಳಿ, ಗುರುತಿಗೆ ದಾರ ಕಟ್ಟಿ ಬರಬೇಕು. ತೊಗಟೆ ತರುವುದು ಗಂಡಸರ ಕೆಲಸ. ನನಗೆ ಇದನ್ನೆಲ್ಲ ವಿವರಿಸುವಾಗ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು, "ಹಿಂದೆ ಬತ್ತಲೆ ಹೋಗ್ತಿದ್ದರಂತೆ. ಇಲ್ಲಿ ಇವರು ಹಾಗೆ ಹೋದರೆ ಕಾಕಾ ಪೊಲೀಸರನ್ನೇ ಕರೆಸ್ತಾರೆ. ಅದಕ್ಕೆ ಬರ್ಮುಡಾ" ಎಂದಿದ್ದರು.

ಆ ಸಲ ಬರ್ಮುಡಾದವರು ಸೂರತ್ತಿನಲ್ಲಿದ್ದರು. "ಈ ವರ್ಷ ಬಿಡು ಮಾರಾಯ್ತಿ" ಎಂದು ಫೋನಿನಲ್ಲಿ ಹೇಳಿದರಂತೆ. ಅಕ್ಕ ಬಿಡಲಿಲ್ಲ. ಹಿಂದಿನ ಸಂಜೆ ಗೋಡೆಯ ಪಕ್ಕದ ಹಾಲೆಮರಕ್ಕೆ ಹೋಟೆಲಿನ ಪಾರ್ಸೆಲ್ ಕಟ್ಟುವ ದಾರವನ್ನು ಮೂರು ಸುತ್ತು ಕಟ್ಟಿ ಬಂದರು. ಮಾರನೆಯ ದಿನ ಕತ್ತಲಲ್ಲಿ, ಮಳೆಯಲ್ಲಿ, ಬರಿಗಾಲಲ್ಲಿ ಒಬ್ಬರೇ ಹೋದರು. ಮೊಬೈಲನ್ನು ಮನೆಯಲ್ಲೇ ಬಿಟ್ಟಿದ್ದರು. ಅದೂ ಲೋಹವೇ ಅಲ್ಲವೇ.

ಕೈಗೆ ದಾರ ಸಿಕ್ಕಿತು. ಕಲ್ಲಿನಿಂದ ಜಜ್ಜಿದರು. ಬೆರಳಿಗೆ ಹಾಲು ಅಂಟಿತು. ಮನೆಗೆ ಬಂದು ಬೆಳ್ಳುಳ್ಳಿ ಓಮದ ಜೊತೆ ಅರೆದರು, ಕಾದ ಬೆಣಚುಕಲ್ಲನ್ನು ಚುಂಯ್ ಎನ್ನಿಸಿ ಮುಳುಗಿಸಿದರು, ನನ್ನ ಬಾಗಿಲು ತಟ್ಟಿದರು. ತಂದವರು ಮೊದಲು ಕುಡಿಯಬೇಕು ಎಂದು ಲೋಟ ಪೂರ್ತಿ ಕುಡಿದರು.

ಮೊದಲ ವಾಂತಿಗೆ ನಾವಿಬ್ಬರೂ ಹೆದರಲಿಲ್ಲ. "ಖಾಲಿ ಹೊಟ್ಟೆ" ಅಂದರು ಅಕ್ಕ. ಮೂರನೆಯದಕ್ಕೆ ಅವರು ಅಡುಗೆಮನೆಯ ನೆಲದಲ್ಲಿ ಕೂತರು. ತುಟಿಯ ಬಣ್ಣ ಹೋಗಿತ್ತು. "ಬಾಯಿ ಜುಂ ಅಂತದೆ. ನಿನಗೂ ಹಾಗುಂಟಾ?" ಎಂದು ಕೇಳಿದರು. ನನಗೂ ಹಾಗೇ ಇತ್ತು. ನಾನು ಇಲ್ಲ ಎಂದೆ.

ನೀರು ತರಲು ಎದ್ದವಳು ಕಿಟಕಿಯಿಂದ ಹೊರಗೆ ನೋಡಿದೆ. ಬೆಳಕಾಗಿತ್ತು. ಗೋಡೆಯ ಪಕ್ಕ ಹಾಲೆಮರ ನಿಂತಿತ್ತು. ಅದರ ಕಾಂಡಕ್ಕೆ ಪಾರ್ಸೆಲ್ ದಾರ, ಮೂರು ಸುತ್ತು, ಗಂಟು ಸಮೇತ, ಕಟ್ಟಿದ ಹಾಗೆಯೇ ಇತ್ತು. ತೊಗಟೆಗೆ ಒಂದು ಗೀರೂ ಇಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಮರ, ವರ್ಷವಿಡೀ ಹಳದಿ ಹೂಬಿಡುವ ಹಳೆಯ ಮರ. ಅದರ ಕಾಂಡಕ್ಕೆ ಬಣ್ಣಗೆಟ್ಟ ಗಾಳಿಪಟದ ದಾರ ಸುತ್ತಿಕೊಂಡಿತ್ತು. ದಾರದ ಕೆಳಗೆ ಒಂದು ಹಸಿ ಗಾಯ. ಗಾಯದಿಂದ ಬಿಳಿ ಹಾಲು ಮಳೆನೀರಿನ ಜೊತೆ ಇಳಿಯುತ್ತಿತ್ತು.

ನಾನು ಇವತ್ತಿಗೂ ಆ ಕಿಟಕಿಯಲ್ಲೇ ನಿಂತಿದ್ದೇನೆ ಅನ್ನಿಸುತ್ತದೆ. ನೋಡುತ್ತೇನೆ, ಎರಡು ಮರ, ಎರಡು ದಾರ.

ಮೆಟ್ಟಿಲು ಇಳಿದದ್ದು ನೆನಪಿಲ್ಲ. ಆ ಮರದ ಒಂದು ರೆಂಬೆಯನ್ನು ಹೂವಿನ ಸಮೇತ ಮುರಿದುಕೊಂಡು ಕೆಳಮಹಡಿಯ ಸೆಕ್ರೆಟರಿ ಕಾಕಾನ ಬಾಗಿಲು ಬಡಿದೆ. ಕಾಕಾ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದರು.

"ಶುಂ ಥಯುಂ, ಬೇಟಾ?"

"ಅಕ್ಕ ಇದರ ತೊಗಟೆ ಅರೆದು ಕುಡಿದುಬಿಟ್ಟರು ಕಾಕಾ" ಎಂದು ಕನ್ನಡದಲ್ಲೇ ಹೇಳಿದೆ. ಆಮೇಲೆ ಹಿಂದಿಯಲ್ಲಿ. ಅವರು ರೆಂಬೆ ನೋಡಿದರು. ಬ್ರಷ್ ಕೆಳಗೆ ಬಿತ್ತು.

"ಅರೇ ಭಗವಾನ್, ಆ ತೋ ಕರೇಣ್ ಛೇ! ಝೇರ್ ಛೇ, ಝೇರ್!"

ಝೇರ್ ಎಂದರೆ ವಿಷ. ಅಷ್ಟು ಗುಜರಾತಿ ನನಗೆ ಗೊತ್ತಿತ್ತು. ಕರೇಣ್ ಎಂದರೆ ನಮ್ಮ ಹಳದಿ ಕಣಗಿಲೆ ಎಂದು ಆಮೇಲೆ ತಿಳಿಯಿತು.

ಕಾಕಾ ಬನಿಯನ್ನಿನಲ್ಲೇ ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ರೈಲುಹಳಿಯ ಕೆಳಗಿನ ದಾರಿಗೆ ಬಂದರೆ ಅಲ್ಲಿ ಕಂದು ನೀರು ತುಂಬಿ, ಒಂದು ರಿಕ್ಷಾ ಅರ್ಧ ಮುಳುಗಿ ನಿಂತಿತ್ತು. ಕಾಕಾ ಯಾರನ್ನೋ ಬೈಯುತ್ತ ಕಾರು ಹಿಂದಕ್ಕೆ ತಿರುಗಿಸಿದರು. ಸುತ್ತುದಾರಿ. ನಾನು ಅಕ್ಕನ ಮಣಿಕಟ್ಟು ಹಿಡಿದಿದ್ದೆ. ನಾಡಿ ಒಮ್ಮೆ ಬಡಿದು, ಏನೋ ಯೋಚಿಸಿದ ಹಾಗೆ ನಿಂತು, ಮತ್ತೆ ಬಡಿಯುತ್ತಿತ್ತು. ಆ ನಿಲ್ಲುವಿಕೆಯಲ್ಲಿ ನಾನು ಉಸಿರಾಡುತ್ತಿರಲಿಲ್ಲ. ನನ್ನ ಎದೆಯೂ ಹಾಗೇ ತಡವರಿಸುತ್ತಿದೆಯೇ ಎಂದು ನೋಡಲು ಇನ್ನೊಂದು ಕೈ ನನ್ನ ಕುತ್ತಿಗೆಯ ಮೇಲಿತ್ತು. ಯಾರ ನಾಡಿ ಯಾರದೆಂದು ತಿಳಿಯದೆ ಹೋಯಿತು.

"ನಿನ್ನ ಕೈ ಎಂತಕ್ಕೆ ಇಷ್ಟು ತಣ್ಣಗೆ?" ಎಂದರು ಅಕ್ಕ, ಕಣ್ಣು ಮುಚ್ಚಿಕೊಂಡೇ.

"ಮಳೆ ಅಕ್ಕಾ, ಮಳೇಲಿ ನೆನೆದೆ."

ಆಸ್ಪತ್ರೆಯಲ್ಲಿ ಡಾಕ್ಟರಿಗೆ ರೆಂಬೆ ಕೊಟ್ಟೆ. ಅವರು ಬೇರೇನೂ ಕೇಳದೆ ಸ್ಟ್ರೆಚರಿನ ಹಿಂದೆ ಓಡಿದರು. ಆಮೇಲೆ ನನ್ನನ್ನೂ ಒಂದು ಹಾಸಿಗೆಯಲ್ಲಿ ಮಲಗಿಸಿ ಎದೆಗೆ ತಂತಿಗಳನ್ನು ಅಂಟಿಸಿದರು. ನಡುವೆ ಹಸಿರು ಪರದೆ. ಪರದೆಯಾಚೆ ಅಕ್ಕನ ಯಂತ್ರ ಕೂಗಿಕೊಳ್ಳುತ್ತಿತ್ತು. ಸದ್ದು ನಿಂತಾಗಲೆಲ್ಲ ಗುಣವಾಗಿ ನಿಂತಿತೋ, ಇಲ್ಲ ಎಲ್ಲ ಮುಗಿದು ನಿಂತಿತೋ ತಿಳಿಯುತ್ತಿರಲಿಲ್ಲ. ಒಮ್ಮೆ ಹಲವು ಕಾಲುಗಳು ಒಟ್ಟಿಗೆ ಓಡಿಬಂದವು. ನಾನು ಕಿವಿ ಮುಚ್ಚಿಕೊಂಡೆ. ತೆಗೆದಾಗ ಅಕ್ಕನ ಧ್ವನಿ ಕೇಳಿಸಿತು, ತುಳುವಿನಲ್ಲಿ ಏನೋ ಗೊಣಗುತ್ತಿದ್ದರು. ಅಷ್ಟು ಸಾಕಾಯಿತು, ಅತ್ತುಬಿಟ್ಟೆ.

ಅಕ್ಕ ಬದುಕಿದರು. ಡಾಕ್ಟರ್ ಇದನ್ನು ಹೇಳುವಾಗ ಅವರಿಗೂ ಸ್ವಲ್ಪ ಆಶ್ಚರ್ಯವಿದ್ದ ಹಾಗಿತ್ತು.

ಮಾರನೆಯ ದಿನ ನನ್ನನ್ನು ಅವರ ಹತ್ತಿರ ಬಿಟ್ಟರು. ಸೂರತ್ತಿನಿಂದ ಓಡಿಬಂದ ಗಂಡ ಮಂಚದ ಕಾಲ ಹತ್ತಿರ ನಿಂತಿದ್ದರು. ಅಕ್ಕ ನನ್ನನ್ನು ಬಗ್ಗಿಸಿಕೊಂಡು ಕೇಳಿದರು, "ಸುತ್ತ ಕಿತ್ತಿದ್ದೇನಾ?"

"ಏನಕ್ಕಾ?"

"ಆ ಮರದ ತೊಗಟೆ. ಕತ್ತಲಲ್ಲಿ ಗೊತ್ತಾಗಲಿಲ್ಲ. ಸುತ್ತ ಕಿತ್ತರೆ ಮರ ಸಾಯ್ತದೆ. ನಾನು ಕೇಳಿದ್ದು ಹಾಲೆಮರವನ್ನು, ಕಿತ್ತದ್ದು ಇದರದ್ದು. ಕೇಳದೆ ಕಿತ್ತೆ. ದಾರ ಸಿಕ್ಕಿತು ಅಂತ ನನ್ನ ಕೈ ಮರವನ್ನು ನೋಡಲೇ ಇಲ್ಲ."

"ಜೀವ ಹೋಗ್ತಿತ್ತು ನಿಂದು!" ಎಂದು ಗಂಡ ಸಿಡಿದರು. "ಇವಳಿಗೆ ಮರದ ಚಿಂತೆ. ಆ ಕಾಕಾ ಕಡಿಸ್ತೇನೆ ಅಂದಿದ್ದಾರೆ, ಕಡಿಸಲಿ!"

"ಕಡಿಬೇಡಿ ಅಂತ ಹೇಳಿ" ಎಂದರು ಅಕ್ಕ. "ಅದು ನಮ್ಮ ಮನೆಗೆ ಬಂದದ್ದಲ್ಲ. ನಾನು ಹೋದದ್ದು."

ನನಗೆ ಆ ಮರವನ್ನು ಕಡಿದರೆ ಸಾಕಾಗಿತ್ತು. ನನ್ನ ಮಲಗುವ ಕೋಣೆಯ ಕಿಟಕಿಯಿಂದಲೂ ಅದು ಕಾಣುತ್ತಿತ್ತು, ಗಂಟೆಯಂಥ ಹಳದಿ ಹೂಗಳು, ನಿಷ್ಪಾಪಿಯ ಹಾಗೆ. ಪರದೆ ಎಳೆದೆ, ಮತ್ತೆ ತೆರೆಯಲಿಲ್ಲ. ಕಡಿಯಲು ಪಾಲಿಕೆಯ ಅನುಮತಿ ಬೇಕೆಂದು ಕಾಕಾ ಅರ್ಜಿ ಕೊಟ್ಟರು, ನವರಾತ್ರಿ ಬಂತು, ದೀಪಾವಳಿ ಬಂತು, ಎಲ್ಲರೂ ಮರೆತರು. ನಾನು ಗೇಟಿನ ಇನ್ನೊಂದು ಬದಿಯಿಂದಲೇ ಓಡಾಡುತ್ತಿದ್ದೆ. ನಿದ್ದೆ ಹತ್ತುವ ಹೊತ್ತಿಗೆ ಎದೆ ಒಮ್ಮೆ ನಿಂತ ಹಾಗಾಗಿ ಎದ್ದು ಕೂರುತ್ತಿದ್ದೆ. ಎರಡು ಬೆರಳು ಕುತ್ತಿಗೆಗೆ ಒತ್ತಿಕೊಂಡೇ ಬೆಳಗಾಗುತ್ತಿತ್ತು. ಏನೂ ಇಲ್ಲ, ಎಲ್ಲ ಸರಿಯಿದೆ ಎಂದು ಡಾಕ್ಟರ್ ಕಾಗದ ತೋರಿಸಿದರು. ಕಾಗದ ನೋಡಿ ನಿದ್ದೆ ಬರುವುದಿಲ್ಲ. ಕಾಫಿಯ ಕಹಿಗೂ ಹೆದರಿ ಹಾಲು ಕುಡಿಯತೊಡಗಿದೆ.

ಅಕ್ಕನನ್ನು ಗಂಡ ಆಸ್ಪತ್ರೆಯಿಂದ ನೇರ ಅಡಾಜಣ್‌ಗೆ ಕರೆದುಕೊಂಡು ಹೋದರು. ಇಲ್ಲಿಯ ಹೋಟೆಲನ್ನು ಬೇರೆಯವರಿಗೆ ವಹಿಸಿಕೊಟ್ಟರು, ಎದುರು ಬಾಗಿಲಿಗೆ ಬೀಗ ಬಿತ್ತು. ದೀಪಾವಳಿ ರಜೆಯಲ್ಲಿ ನಾನು ಸೂರತ್ತಿಗೆ ಹೋಗಿ ನೋಡಿದೆ. ಎತ್ತರದ ಅಪಾರ್ಟ್‌ಮೆಂಟು, ದೂರದಲ್ಲಿ ತಾಪಿ ನದಿಯ ಒಂದು ತುಂಡು. ಬಾಲ್ಕನಿಯಲ್ಲಿ ಒಂದು ತುಳಸಿಯೂ ಇರಲಿಲ್ಲ. ಅಕ್ಕ ಬಾಟಲಿಯ ನೀರನ್ನೂ ಮೊದಲು ಮೂಸಿ, ಆಮೇಲೆ ಕುಡಿಯುತ್ತಿದ್ದರು. ಮಾತಿನ ನಡುವೆ ಗಂಡನ ಕಡೆ ತಿರುಗಿ, "ಈಗ ಯಾವ ತಿಂಗಳು?" ಎಂದು ಕೇಳಿದರು.

"ನವೆಂಬರ್" ಎಂದರು ಗಂಡ.

"ಹ್ಞಾಂ, ನವೆಂಬರ್" ಎಂದರು ಅಕ್ಕ.

ಪರದೆಯಾಚೆಯ ಯಂತ್ರಕ್ಕಿಂತ ನನಗೆ ಹೆಚ್ಚು ಭಯವಾದದ್ದು ಆಗ. ತಿಂಗಳ ಮುಖ ನೋಡಿ ಮಾತಾಡುತ್ತಿದ್ದವರು ಅದರ ಹೆಸರನ್ನು ಇನ್ನೊಬ್ಬರ ಹತ್ತಿರ ಕೇಳುತ್ತಿದ್ದರು. ಬೀಳ್ಕೊಡುವಾಗ ಲಿಫ್ಟಿನ ಬಾಗಿಲಲ್ಲಿ, ಗಂಡನಿಗೆ ಕೇಳಿಸದ ಹಾಗೆ, "ಉಂಟಾ ಅದು?" ಎಂದರು. ಯಾವುದೆಂದು ಹೇಳಬೇಕಾಗಿರಲಿಲ್ಲ.

"ನೋಡಿಲ್ಲ ಅಕ್ಕಾ."

"ನನಗೆ ನೋಡುವ ಧೈರ್ಯ ಇಲ್ಲ. ನಿನಗಾದರೂ ಆದರೆ ನೋಡಿ ಹೇಳು. ಸತ್ತಿದ್ದರೂ ಹೇಳು."

ನನ್ನ ಕೋಣೆಯ ಪರದೆ ತೆರೆದರೆ ಸಾಕಿತ್ತು. ಅದನ್ನು ತೆರೆಯಲು ಮುಂದಿನ ಉತ್ತರಾಯಣ ಬರಬೇಕಾಯಿತು.

ಆ ದಿನವೆಲ್ಲ ತಾರಸಿಗಳ ಮೇಲೆ, ಎದುರಾಳಿಯ ಪಟ ಕಡಿದಾಗಲೆಲ್ಲ, "ಲಪೇಟ್, ಲಪೇಟ್" ಎಂಬ ಕೂಗು. ಎಳ್ಳಿನ ಚಿಕ್ಕಿ, ಉಂಧಿಯು ಎಂಬ ಪಲ್ಯ, ಸ್ಪೀಕರಿನ ಹಾಡು. ನಾನು ಒಳಗೇ ಇದ್ದೆ. ಮಾರನೆಯ ಬೆಳಗ್ಗೆ ಆಫೀಸಿಗೆ ರಜೆ. ಕೆಳಗೆ ಬಂದರೆ ಒಂದು ಪಾರಿವಾಳ ಕರೇಣ್ ಮರದ ಕೊಂಬೆಯಲ್ಲಿ ಕಾಲಿಗೆ ದಾರ ಸಿಕ್ಕಿಕೊಂಡು ರೆಕ್ಕೆ ಬಡಿಯುತ್ತಿತ್ತು. ಸುತ್ತ ಯಾರೂ ಇರಲಿಲ್ಲ. ಕಾಕಾ ತಾರಸಿಯಲ್ಲಿದ್ದರು. ಅಕ್ಕನ ಬಿದಿರುಕೋಲು ಮೀಟರ್ ಕೋಣೆಯ ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತಿತ್ತು.

ಕೋಲು ತಂದು ದೂರದಿಂದಲೇ ಎತ್ತಿದೆ. ಎಟುಕಲಿಲ್ಲ. ಹತ್ತಿರ ಹೋದೆ. ಇನ್ನೂ ಎಟುಕಲಿಲ್ಲ. ಕೊನೆಗೆ ಒಂದು ಕೈಯನ್ನು ಆ ಕಾಂಡಕ್ಕೆ ಆನಿಸಿ ನಿಲ್ಲಲೇಬೇಕಾಯಿತು. ಕೈ ಸುಡುತ್ತದೆಂದು ಕಾದೆ. ಮರ ತಣ್ಣಗಿತ್ತು. ಪಾರಿವಾಳ ಬಿಡಿಸಿಕೊಂಡು ಹಾರಿತು, ಒಂದು ಗರಿ ನನ್ನ ಭುಜದ ಮೇಲೆ ಬಿತ್ತು. ಆಗ ನನ್ನ ಕೈ ಎಲ್ಲಿದೆ ಎಂದು ನೋಡಿಕೊಂಡೆ.

ಗಾಯದ ಮೇಲೇ ಇತ್ತು. ತೊಗಟೆಯ ಅಂಚುಗಳು ದಪ್ಪಗಾಗಿ, ತುಟಿ ಮುಚ್ಚುವ ಹಾಗೆ ಎರಡೂ ಕಡೆಯಿಂದ ಒಳಗೆ ಸುರುಳಿಕೊಂಡಿದ್ದವು. ಗೋಡೆಯ ಕಡೆಗೆ ಬಗ್ಗಿ ನೋಡಿದೆ. ಅಲ್ಲಿ ಕಲ್ಲು ಹಿಡಿದ ಕೈ ಹೋಗುವಷ್ಟು ಜಾಗವಿರಲಿಲ್ಲ. ಅಂಗೈ ಅಗಲದ ತೊಗಟೆ ಮೇಲಿನಿಂದ ಕೆಳಗಿನ ತನಕ ಹಾಗೇ ಉಳಿದಿತ್ತು. ಅಷ್ಟು ಜಾಗದಲ್ಲಿ ಮರ ತನ್ನನ್ನು ತಾನು ಹಾಯಿಸಿಕೊಂಡು ಬದುಕಿತ್ತು.

ಅಲ್ಲೇ ನಿಂತು ಫೋನು ಮಾಡಿದೆ.

"ಅಕ್ಕಾ, ಸುತ್ತ ಇಲ್ಲ. ಗೋಡೆ ಕಡೆ ಬಿಟ್ಟಿದೀರ."

ಅತ್ತ ಕಡೆಯೂ ತಾರಸಿಯ ಕೂಗುಗಳು ಕೇಳಿಸುತ್ತಿದ್ದವು, ಸೂರತ್ತಿನವು.

"ಹೂ ಉಂಟಾ?"

"ಇದೆ."

"ನೀನು ಎಲ್ಲಿದ್ದಿ?"

"ಅದನ್ನ ಹಿಡ್ಕೊಂಡೇ ನಿಂತಿದೀನಿ."

"ಹೋಗಿ ಕೈ ತೊಳ್ಕೊ. ಸೋಪು ಹಾಕಿ ತೊಳ್ಕೊ" ಎಂದು ಗಾಬರಿಯಿಂದ ಅಂದರು. ಆಮೇಲೆ ತಗ್ಗಿದ ಧ್ವನಿಯಲ್ಲಿ, "ತಪ್ಪಾಯ್ತು ಅಂತ ನನ್ನ ಲೆಕ್ಕದಲ್ಲಿ ಒಂದು ಮಾತು ಹೇಳಿಬಿಡು. ಇವತ್ತು ಎಂತ, ಎರಡನೇ ದಿನ ಅಲ್ವಾ?"

"ಹೂಂ. ವಾಸಿ ಉತ್ತರಾಯಣ."

ಫೋನಿನಲ್ಲಿ ಒಂದು ಸದ್ದು ಬಂತು. ಅಳು ಎಂದು ಹೆದರಿದೆ. ನಗುತ್ತಿದ್ದರು. ನಗು ನಿಂತಮೇಲೆ, ಯಾರನ್ನೂ ಕೇಳದೆ, "ಹಾಗಾದರೆ ಇವತ್ತಿಗೆ ಪುಯಿಂತೆಲ್ ಸುರು" ಎಂದರು. ಅದು ಅವರ ಊರಿನ ಲೆಕ್ಕದ ತಿಂಗಳು. "ಇದರ ಕೊನೆಗೆ ಕೆಡ್ಡಸ ಬರ್ತದೆ. ಆ ಜೆಸಿಬಿಯವನು ಬಂದರೆ ಈ ಸಲ ದೋಸೆ ಕೊಡಬೇಡ."

ಮರದ ದಾರವನ್ನೆಲ್ಲ ಬಿಡಿಸಿ ಉಂಡೆ ಮಾಡಿದೆ. ಹಾಲೆಮರದಲ್ಲಿ ಇನ್ನೂ ಉಳಿದಿದ್ದ ಪಾರ್ಸೆಲ್ ದಾರವನ್ನೂ ಬಿಚ್ಚಿದೆ. ಅಕ್ಕನ ಮಾತನ್ನು ಕರೇಣ್ ಮರಕ್ಕೆ ತಲುಪಿಸಿದೆ. ಕಾಕಾ ಮೇಲಿನಿಂದ ನೋಡಿಬಿಟ್ಟಾರೆಂದು ತುಟಿ ಅಲ್ಲಾಡಿಸದೆ ಹೇಳಿದೆ. ಸೋಪು ಹಾಕಿ ಎರಡು ಸಲ ಕೈ ತೊಳೆದೆ. ಸಂಜೆ ಕೋಣೆಯ ಪರದೆ ಸರಿಸಿ, ಮರ ಕಾಣುವ ಹಾಗೆಯೇ ಬಿಟ್ಟು ಮಲಗಿದೆ. ಎಚ್ಚರವಾದಾಗ ಬಿಸಿಲು ಮುಖದ ಮೇಲಿತ್ತು, ಆಫೀಸಿಗೆ ಹೊತ್ತು ಮೀರಿತ್ತು. ಎರಡು ಬೆರಳು ಕುತ್ತಿಗೆಯ ಮೇಲಿರಲಿಲ್ಲ, ದಿಂಬಿನ ಕೆಳಗಿದ್ದವು.